ಎಡಗತ್ತಿನ ಹದಿನೈದು ಅಂಕಿಗಳು

ನಾನು ಅಕ್ಕಿಕಾಳಿನಷ್ಟು ಉದ್ದದ ಒಂದು ಗಾಜಿನ ತುಣುಕು. ಅಕ್ಕಿಯ ಜೊತೆ ಕಲಸಿಟ್ಟರೆ ನಿಮ್ಮ ಮನೆಯ ಮೊರಕ್ಕೂ ನಾನು ಸಿಗಲಿಕ್ಕಿಲ್ಲ. ಆದರೆ ನನ್ನನ್ನು ಇಟ್ಟಿರುವುದು ಮೊರದಲ್ಲಲ್ಲ, ಒಂದು ಕುದುರೆಯ ಕತ್ತಿನಲ್ಲಿ. ಎಡಗಡೆ, ಜೂಲಿನ ಕೂದಲಿಗೆ ಸ್ವಲ್ಪ ಕೆಳಗೆ, ಎರಡು ಬೆರಳು ಆಳದಲ್ಲಿ. ಹತ್ತೊಂಬತ್ತು ವರ್ಷದಿಂದ ಅಲ್ಲೇ ಇದ್ದೇನೆ.

ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ. ಬಿಳಿ ಟೋಪಿ ಹಾಕಿಕೊಂಡ ಹೆಂಗಸರು ಭೂತಗನ್ನಡಿ ಹಿಡಿದು ಕೂತಿದ್ದರು. ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯನ್ನು ಒಂದು ಕರಿ ಕಡ್ಡಿಗೆ ನೂರಾರು ಸುತ್ತು ಸುತ್ತಿದರು. ಅದರ ತುದಿಗೆ ಸಾಸಿವೆಗಿಂತ ಚಿಕ್ಕ ಚಿಪ್ ಅಂಟಿಸಿದರು. ಚಿಪ್ಪಿನೊಳಗೆ ಹದಿನೈದು ಅಂಕಿಗಳ ಒಂದು ನಂಬರ್ ಬರೆದರು. ಹಣೆಬರಹವನ್ನಾದರೂ ಹರಕೆ ಹೊತ್ತು ತಿದ್ದಿಸಿಕೊಳ್ಳಬಹುದೇನೋ, ಈ ಬರಹವನ್ನು ಯಾರೂ ತಿದ್ದಲಾರರು. ಕೊನೆಗೆ ಎಲ್ಲವನ್ನೂ ಗಾಜಿನ ಕೊಳವೆಯಲ್ಲಿಟ್ಟು ಬಾಯಿ ಮುಚ್ಚಿದರು.

ನನ್ನೊಳಗೆ ಬ್ಯಾಟರಿ ಇಲ್ಲ. ಹಾಗಾಗಿ ನಾನಾಗಿ ಒಂದು ಮಾತೂ ಆಡಲಾರೆ. ರೀಡರ್ ಎಂಬ ಯಂತ್ರವನ್ನು ಯಾರಾದರೂ ನನ್ನ ಹತ್ತಿರ, ಒಂದು ಗೇಣಿನಷ್ಟು ಹತ್ತಿರ, ತರಬೇಕು. ಗುಂಡಿ ಒತ್ತಿದರೆ ಅದು ತನ್ನ ಸುತ್ತ ಒಂದು ಅಲೆ ಎಬ್ಬಿಸುತ್ತದೆ. ಕಣ್ಣಿಗೆ ಕಾಣದ ಅಲೆ. ಅದು ನನ್ನ ತಾಮ್ರದ ಸುತ್ತುಗಳಿಗೆ ತಾಗಿದಾಗ ಒಂದು ಗುಟುಕು ಕರೆಂಟು ಹುಟ್ಟುತ್ತದೆ. ಆ ಗುಟುಕು ಕುಡಿದಾಗ ನನಗೆ ಬಾಯಿ ಬರುತ್ತದೆ. ಬಾಯಿ ಅಂದೆನಲ್ಲ, ಅದೂ ದೊಡ್ಡ ಮಾತೇ. ಬಂದ ಅಲೆಯನ್ನೇ ನಾನು ಜಗ್ಗುತ್ತೇನೆ, ಬಿಡುತ್ತೇನೆ, ಮತ್ತೆ ಜಗ್ಗುತ್ತೇನೆ. ಬಾವಿಗೆ ಇಳಿದವನು ಹಗ್ಗ ಜಗ್ಗಿ ಮೇಲಿದ್ದವರಿಗೆ ಸನ್ನೆ ಮಾಡುತ್ತಾನಲ್ಲ, ಹಾಗೆ. ರೀಡರ್ ಆ ಜಗ್ಗಾಟವನ್ನು ಅಂಕಿಗಳಾಗಿ ಓದಿಕೊಂಡು ಕುಂಯ್ ಎನ್ನುತ್ತದೆ. ಯಂತ್ರ ದೂರ ಹೋದರೆ ನಾನು ಮತ್ತೆ ಮೂಕ.

ಹೇಳುವುದಾದರೂ ಏನು? ಅದೇ ಹದಿನೈದು ಅಂಕಿ. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ಬೇಕಾದರೆ ನಗಿ. ಆದರೆ ತಪ್ಪು ಹಾಡುವವನಲ್ಲ. ನಂಬರಿನ ಹಿಂದೆಯೇ ತಾಳೆ ನೋಡಲು ಬೇಕಾದ ಗುರುತನ್ನೂ ಕಳಿಸುತ್ತೇನೆ. ಒಂದು ಅಂಕಿ ಹೆಚ್ಚುಕಮ್ಮಿಯಾದರೂ ರೀಡರ್ ಅದನ್ನು ಎಸೆದು ಮತ್ತೆ ಕೇಳುತ್ತದೆ. ನನ್ನ ಅಹಂಕಾರ ಏನಿದ್ದರೂ ಇದೊಂದರಲ್ಲಿ.

ಬ್ಯಾಟರಿ ಇಲ್ಲದವನು ಇಷ್ಟೆಲ್ಲ ಕೇಳಿಸಿಕೊಂಡಿದ್ದು ಹೇಗೆ ಎಂದು ನೀವು ಕೇಳಬಹುದು. ಹೇಳಲು ಕರೆಂಟು ಬೇಕು, ಕೇಳಲು ಬೇಡ. ಕುದುರೆಯ ಕತ್ತಿನಲ್ಲಿದ್ದವನಿಗೆ ಊರಿನ ಮಾತೆಲ್ಲ ಕಿವಿಗೆ ಬೀಳುತ್ತದೆ.

ಆ ಕುದುರೆ ಆಗ ಆರು ತಿಂಗಳ ಹೆಣ್ಣುಮರಿ. ಒಂದು ದೊಡ್ಡ ಕುದುರೆ ಫಾರ್ಮಿನಲ್ಲಿ ಹುಟ್ಟಿದ್ದಳು, ಕಾಡಿಗೆಯಷ್ಟು ಕಪ್ಪು. ಡಾಕ್ಟರು ನನ್ನನ್ನು ದಪ್ಪ ಸೂಜಿಯಲ್ಲಿ ಇಟ್ಟುಕೊಂಡು ಮೊದಲು ಅವಳ ಕತ್ತಿನ ಮೇಲೆ ರೀಡರ್ ಆಡಿಸಿದರು, ಒಳಗೆ ಇನ್ನೊಬ್ಬ ಇದ್ದಾನೋ ಎಂದು. ಇರಲಿಲ್ಲ. ನನ್ನನ್ನು ಚುಚ್ಚಿದರು. ಮರಿ ಅವ್ವನ ಕಡೆ ಮುಖ ಮಾಡಿ ಚೀರಿತು. ಮತ್ತೆ ರೀಡರ್ ಇಟ್ಟರು. ನಾನು ಮೊದಲ ಸಲ ಒಂದು ಜೀವದೊಳಗಿನಿಂದ ಉತ್ತರ ಕೊಟ್ಟೆ. ಅವಳಿಗೊಂದು ಪುಸ್ತಕ ಮಾಡಿ, ಅದರಲ್ಲಿ ಬಣ್ಣ ಬರೆದು, ನನ್ನ ನಂಬರ್ ಬರೆದರು. ಬಣ್ಣದ ಜಾಗದಲ್ಲಿ ಬೂದು ಎಂದು ಬರೆದದ್ದು ಕೇಳಿ ನಾನು ಆ ಡಾಕ್ಟರಿಗೆ ಕಣ್ಣಿನ ದೋಷ ಇರಬೇಕು ಅಂದುಕೊಂಡೆ. ಕೆಲವು ಕುದುರೆಗಳು ಕಪ್ಪಾಗಿ ಹುಟ್ಟಿ, ವರ್ಷ ಕಳೆದಂತೆ ಬೂದಾಗಿ, ಕೊನೆಗೆ ಹಾಲಿನ ಹಾಗೆ ಬಿಳಿಯಾಗುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ.

ಮೂರನೇ ವರ್ಷಕ್ಕೆ ಅವಳನ್ನು ರೇಸಿಗೆ ಇಳಿಸಿದರು. ಹೆಸರು ಬ್ಲ್ಯಾಕ್ ಪೆಪ್ಪರ್. ನನ್ನ ಬಾಳಿನ ಸುಗ್ಗಿ ಅದು. ಪ್ರತಿ ರೇಸಿನ ಮೊದಲು ರೀಡರ್ ಹಿಡಿದವನೊಬ್ಬ ಬಂದು ನನ್ನನ್ನು ಕೇಳಿ, ಪಟ್ಟಿಯಲ್ಲಿ ತಾಳೆ ನೋಡಿ, ತಲೆಯಾಡಿಸುತ್ತಿದ್ದ. ಒಂದು ಕುದುರೆಯ ಹೆಸರಿನಲ್ಲಿ ಇನ್ನೊಂದು ಓಡಬಾರದು, ಅದಕ್ಕೇ ನಾನು. ನಾನು ಹೂಂ ಅನ್ನದೆ ಇವಳು ಓಡುವಂತಿಲ್ಲ ಎಂದು ಬೀಗುತ್ತಿದ್ದೆ. ಹನ್ನೊಂದು ರೇಸು, ಎರಡು ಗೆಲುವು. ಹನ್ನೆರಡನೆಯದಕ್ಕೆ ಮೊದಲು ಮುಂಗಾಲಿನ ನರ ಬಾತುಕೊಂಡಿತು. ರೀಡರಿನವನು ಬರುವುದು ನಿಂತಿತು. ಅವಳನ್ನು ಕುದುರೆ ಸವಾರಿ ಕಲಿಸುವ ಒಂದು ಶಾಲೆಗೆ ಕೊಟ್ಟರು. ಅಲ್ಲಿ ಐದು ವರ್ಷ. ಆ ಐದು ವರ್ಷದಲ್ಲಿ ನನ್ನನ್ನು ಕೇಳಿದ್ದು ಎರಡು ಸಲ, ಎರಡೂ ಸಲ ಸೂಜಿಮದ್ದಿನ ದಿನ. ಅವಳು ಮೆಲ್ಲಗೆ ಬಿಳಿಯಾದಳು. ಬ್ಲ್ಯಾಕ್ ಪೆಪ್ಪರ್ ಎಂದು ಕರೆದರೆ ಮಕ್ಕಳು ನಗತೊಡಗಿದರು.

ಹತ್ತನೇ ವರ್ಷಕ್ಕೆ ಅವಳು ಲಾರಿ ಹತ್ತಿ ಗದಗಿಗೆ ಬಂದಳು. ದಾರಿಯ ಟೋಲ್ ಗೇಟುಗಳಲ್ಲಿ ಲಾರಿ ನಿಧಾನವಾದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಮುಂದಿನ ಗಾಜಿಗೆ ಅಂಟಿಸಿದ ಟೋಲಿನ ಚೀಟಿ ಇರುತ್ತದಲ್ಲ, ಅವನೂ ನಮ್ಮ ಪೈಕಿಯವನೇ. ಬ್ಯಾಟರಿ ಅವನಿಗೂ ಇಲ್ಲ. ಆದರೆ ಅವನ ಅಲೆ ಬೇರೆ, ಅವನಿಗೆ ಮೂವತ್ತು ಅಡಿ ದೂರದಿಂದಲೂ ಕೇಳುತ್ತಾರೆ, ಅವನು ಹೇಳಿದ ಕೂಡಲೇ ಗೇಟು ಏಳುತ್ತದೆ. ಅದೇ ಗೇಟಿನ ಕೆಳಗೆ ನಾನೂ ಹಾದುಹೋದೆ. ಆ ಕರೆ ನನ್ನ ತಾಮ್ರಕ್ಕೆ ಹೊಂದುವಂಥದ್ದಲ್ಲ. ಒಂದು ಗೇಟೂ ನನ್ನನ್ನು ಯಾರು ಎಂದು ಕೇಳಲಿಲ್ಲ.

ಗದಗಿನಲ್ಲಿ ಅವಳನ್ನು ಕೊಂಡವರು ತುಳಜನಸಾ ಬಾಕಳೆ. ಮದುವೆ ಮೆರವಣಿಗೆಗೆ ಸಾರೋಟು ಬಿಡುವುದು ಅವರ ಮನೆತನದ ಉದ್ಯೋಗ. ಸಾರೋಟಿಗೆ ಜೋಡಿ ಕುದುರೆ ಬೇಕು. ಬರೀ ಬಿಳಿ ಇದ್ದರೆ ಸಾಲದು, ಎತ್ತರ ಒಂದೇ ಇರಬೇಕು, ಕಿವಿ ಒಂದೇ ಇರಬೇಕು, ಹೆಜ್ಜೆಯೂ ಒಂದೇ ಇರಬೇಕು. ಅವರಲ್ಲಿ ಮೋತಿ ಎಂಬ ಬಿಳಿ ಹೆಣ್ಣುಕುದುರೆ ಇತ್ತು. ಅದರ ಜೋಡಿ ಸತ್ತು ವರ್ಷವಾಗಿತ್ತು. ಜೋಡಿ ಹುಡುಕಿ ಹುಡುಕಿ ಸುಸ್ತಾಗಿದ್ದ ಸಾವಕಾರರು ಇವಳನ್ನು ಲಾರಿಯಿಂದ ಇಳಿಸಿದಾಗ ಮೋತಿಯ ಪಕ್ಕ ನಿಲ್ಲಿಸಿ, ಎರಡು ಸುತ್ತು ಹಾಕಿ, ಹಡೆದವ್ವ ಬಂದರೂ ಗುರುತು ಹಿಡಿಯಬಾರದು, ಹಾಗಿದೆ ಜೋಡಿ ಎಂದು ಹಿಗ್ಗಿದರು.

ಗುರುತು ಹಿಡಿಯುವವನು ಒಬ್ಬನಿದ್ದ. ಮೋದಿನಸಾಬ, ಕುದುರೆ ನೋಡಿಕೊಳ್ಳುವವನು. ಐವತ್ತು ದಾಟಿತ್ತು. ಹೆಂಡತಿ ಇಲ್ಲ, ಮಗಳು ಮದುವೆಯಾಗಿ ಕೊಪ್ಪಳದಲ್ಲಿದ್ದಳು. ಬೆನ್ನು ಮಾಡಿ ನಿಂತಿದ್ದರೂ ಯಾವುದು ಮೋತಿ, ಯಾವುದು ಇವಳು ಎಂದು ಉಸಿರಿನ ಮೇಲೆ ಹೇಳುತ್ತಿದ್ದ. ಇವಳಿಗೆ ಬತ್ತಾಸಿ ಎಂದು ಹೆಸರಿಟ್ಟವನೂ ಅವನೇ. ಸಕ್ಕರೆಯ ಬತ್ತಾಸಿನ ಹಾಗೆ ಬಿಳಿ, ಹಗುರ, ಬಾಯಿಗಿಟ್ಟರೆ ಕರಗುವಷ್ಟು ಸಾಧು ಎಂದು. ಮೈ ತಿಕ್ಕುವಾಗ ಅವನು ಸುಮ್ಮನೆ ಇದ್ದದ್ದೇ ಇಲ್ಲ. ಸಂತೆಯ ಕಥೆ, ಅಳಿಯನ ಕಥೆ, ತನ್ನ ಮೊಣಕಾಲಿನ ಕಥೆ ಎಲ್ಲವೂ ಇವಳ ಕತ್ತಿಗೆ ಬಾಯಿ ಇಟ್ಟು. ಹಾಗಾಗಿ ನನಗೂ.

ಮೋತಿಯ ಕತ್ತಿನಲ್ಲೂ ನನ್ನಂಥವನೊಬ್ಬ ಇದ್ದ. ಸರಕಾರದ ಯಾವುದೋ ಶಿಬಿರದಲ್ಲಿ ಹಾಕಿದ್ದರಂತೆ. ಕುದುರೆಗಳು ಜೊತೆಯಾದರೆ ಒಂದರ ಕತ್ತನ್ನು ಇನ್ನೊಂದು ಹಲ್ಲಿನಿಂದ ಮೆಲ್ಲಗೆ ಕೆರೆಯುತ್ತವೆ. ಮಧ್ಯಾಹ್ನ ಕೆಲಸವಿಲ್ಲದಾಗ ಇವೆರಡೂ ಬೇವಿನ ಮರದ ಕೆಳಗೆ ಕತ್ತಿಗೆ ಕತ್ತು ಹಾಕಿ ನಿಲ್ಲುತ್ತಿದ್ದವು. ಆಗ ಅವನಿಗೂ ನನಗೂ ನಡುವೆ ಎರಡು ಚರ್ಮ, ಅಷ್ಟೇ. ಮೂರು ವರ್ಷ ಹಾಗೆ ಹತ್ತಿರವಿದ್ದರೂ ಒಂದು ಅಂಕಿಯಷ್ಟು ಮಾತಾಗಲಿಲ್ಲ. ಅವನು ಕರೆಯಲಾರ, ನಾನು ಕರೆಯಲಾರೆ. ರೀಡರ್ ಬಂದರೂ ಕಷ್ಟವೇ. ಇಬ್ಬರೂ ಒಂದೇ ಸಲ ಜಗ್ಗಿದರೆ ಅಂಕಿಗಳು ಕಲಸಿಹೋಗಿ ಯಂತ್ರಕ್ಕೆ ಏನೂ ತಿಳಿಯುವುದಿಲ್ಲ. ಅದಕ್ಕೇ ನಮ್ಮನ್ನು ಓದಿಸುವವರು ಮೊದಲು ನಮ್ಮನ್ನು ದೂರ ಮಾಡುತ್ತಾರೆ. ಇಷ್ಟು ಒಂಟಿಯಾಗಿ ಯಾರನ್ನೂ ಹುಟ್ಟಿಸಬಾರದು ಎಂದು ಎಷ್ಟೋ ಮಧ್ಯಾಹ್ನ ಅನ್ನಿಸಿದೆ.

ನಾಲ್ಕನೆಯ ವರ್ಷ, ಮಾಘಮಾಸದ ಮದುವೆಗಳ ನಡುವೆ, ಊರಿನ ಒಂದು ಕತ್ತೆಗೆ ಗ್ಲ್ಯಾಂಡರ್ಸ್ ಎಂಬ ರೋಗ ಬಂತು. ಮೂಗಿನಲ್ಲಿ ಕೀವು, ಮೈಯಲ್ಲಿ ಗಂಟು. ಕುದುರೆ, ಕತ್ತೆಗಳಿಗೆ ಬರುವ ರೋಗ, ಮನುಷ್ಯರಿಗೂ ಹರಡುವಂಥದ್ದು. ಕೆಲವು ಸಲ ಹೊರಗೆ ಏನೂ ಕಾಣಿಸದೆ ಒಳಗೇ ಇರುತ್ತದೆ, ರಕ್ತ ನೋಡಿದರೇ ಗೊತ್ತಾಗುವುದು. ಬಂದ ಪ್ರಾಣಿಗೆ ಔಷಧ ಕೊಡುವಂತಿಲ್ಲ. ಚುಚ್ಚುಮದ್ದು ಕೊಟ್ಟು ಸಾಯಿಸಿ ಆಳವಾಗಿ ಹೂಳಬೇಕು ಎಂಬುದು ಕಾನೂನು. ಊರಿನ ಯಾವ ಕುದುರೆಯೂ ಕತ್ತೆಯೂ ಊರು ಬಿಟ್ಟು ಹೋಗಕೂಡದು, ಎಲ್ಲದರ ರಕ್ತ ತೆಗೆಯಬೇಕು ಎಂದು ಆದೇಶವಾಯಿತು.

ಸಾವಕಾರರು ಲಕ್ಷ್ಮೇಶ್ವರದ ಒಂದು ಮದುವೆಗೆ ಮಾತು ಕೊಟ್ಟಿದ್ದರು. ವರನನ್ನು ಹೊರಲು ಬಿಳಿ ಕುದುರೆ ಬೇಕು. ಮದುವೆ ಮನೆಗೆ ಮಾತು ಕೊಟ್ಟು ತಪ್ಪಿದರೆ ನಾಳೆ ಯಾರು ಕರೆಯುತ್ತಾರೆ ಎಂದು ಅವರಿಗೆ ಚಿಂತೆ. ಬತ್ತಾಸಿಯನ್ನು ಗೂಡ್ಸ್ ಗಾಡಿಯಲ್ಲಿ ಹತ್ತಿಸಿ, ಮೇಲೆ ತಾಡಪಾಲು ಮುಚ್ಚಿ ಕಳಿಸಿಬಿಟ್ಟರು. ಮರುದಿನ ಬೆಳಿಗ್ಗೆ ಲಕ್ಷ್ಮೇಶ್ವರದಲ್ಲಿ ಬ್ಯಾಂಡಿನವರು ನನ್ನ ಕಿವಿ ಹರಿಯುವ ಹಾಗೆ ಬಾರಿಸುತ್ತಿದ್ದಾಗಲೇ, ಇತ್ತ ಗದಗಿನ ಲಾಯಕ್ಕೆ ರಕ್ತ ತೆಗೆಯಲು ಡಾಕ್ಟರ್ ವಿದ್ಯಾವತಿ ಬಂದರು.

ಅಲ್ಲಿ ನಡೆದದ್ದನ್ನು ನಾನು ನೋಡಲಿಲ್ಲ. ವಾಪಸು ಬಂದ ಮೇಲೆ ಮೋದಿನಸಾಬ ಬತ್ತಾಸಿಯ ಮೈ ತಿಕ್ಕುತ್ತ ಹೇಳಿದ್ದು ಇದು. ಡಾಕ್ಟರು ಬೆಳಿಗ್ಗೆಯಿಂದ ನಲವತ್ತು ಪ್ರಾಣಿ ಮುಗಿಸಿ ದಣಿದಿದ್ದರು. ಅವರ ರೀಡರಿನ ಸೆಲ್ಲು ಹಿಂದಿನ ಓಣಿಯಲ್ಲೇ ಸತ್ತಿತ್ತು. ಹಾಗಾಗಿ ಕುದುರೆಗಳ ಪುಸ್ತಕ ತೆಗೆಸಿ, ಅದರಲ್ಲಿದ್ದ ನಂಬರನ್ನು ಬಾಟಲಿಯ ಮೇಲೆ ಬರೆದುಕೊಳ್ಳುತ್ತಿದ್ದರು. ಮೊದಲು ಮೋತಿಯನ್ನು ತಂದರು, ರಕ್ತ ಕೊಟ್ಟಿತು. ಇನ್ನೊಂದು ಎಲ್ಲಿ ಎಂದು ಕೇಳಿದರು. ಊರಲ್ಲಿ ಇಲ್ಲ ಎಂದರೆ ಆದೇಶ ಮುರಿದಂತೆ, ಕೇಸು. ಸಾವಕಾರರು ಮೋದಿನಸಾಬನ ಕಡೆ ಒಂದು ನೋಟ ನೋಡಿದರು. ಇಪ್ಪತ್ತು ವರ್ಷ ಅವರ ಅನ್ನ ತಿಂದವನಿಗೆ ಆ ನೋಟ ಸಾಕಾಯಿತು. ಅವನು ಮೋತಿಯನ್ನು ಹಿಂದಿನ ಬಾಗಿಲಿನಿಂದ ಒಳಗೆ ಒಯ್ದು, ಮೈಮೇಲಿನ ಬಟ್ಟೆ ಬದಲಿಸಿ, ಹಗ್ಗ ಬದಲಿಸಿ, ಮುಂದಿನ ಬಾಗಿಲಿನಿಂದ ಬತ್ತಾಸಿ ಎಂದು ಕರೆತಂದ. ಎಡಗಡೆ ಸೂಜಿಯ ಗುರುತು ಇನ್ನೂ ಹಸಿಯಾಗಿತ್ತು, ಅದು ಕಾಣದಿರಲಿ ಎಂದು ಬಲಗತ್ತು ತೋರಿಸಿ ನಿಲ್ಲಿಸಿದ. ಜೋಡಿಯನ್ನು ನೋಡಿ ನೋಡಿ ಆರಿಸಿದ್ದು ಅಂದು ಹೀಗೆ ಉಪಯೋಗಕ್ಕೆ ಬಂತು. ಮೋತಿ ಎರಡು ಸಲ ರಕ್ತ ಕೊಟ್ಟಿತು, ಎರಡನೆಯದು ನನ್ನ ನಂಬರಿನಲ್ಲಿ.

ಇದನ್ನು ಹೇಳುವಾಗ ಅವನು ನಗುತ್ತಿದ್ದ, ಸಾವಕಾರರನ್ನು ಉಳಿಸಿದೆ ಎಂದು. ನನಗೆ ಮಾತ್ರ ಸಿಟ್ಟು ಬಂತು. ನನ್ನನ್ನು ಕೇಳದೆ ನನ್ನ ನಂಬರ್ ಬರೆದುಕೊಂಡಿದ್ದು ಬಾಳಿನಲ್ಲಿ ಅದೇ ಮೊದಲು.

ಬಾಟಲಿಗಳು ದೂರದ ದೊಡ್ಡ ಲ್ಯಾಬಿಗೆ ಹೋದವು. ಇಪ್ಪತ್ತೆರಡನೆಯ ದಿನ ಉತ್ತರ ಬಂತು. ಸಾವಕಾರರು ಫೋನಿನಲ್ಲಿ ಮಾತಾಡಿ, ಲಾಯದ ಮುಂದಿನ ಕಟ್ಟೆಯ ಮೇಲೆ ಕೂತುಬಿಟ್ಟರು. ಎರಡೂ ನಂಬರಿಗೆ ರೋಗ ಇದೆ ಎಂದು ಬಂದಿತ್ತು. ನಾಳೆ ಬೆಳಿಗ್ಗೆ ಬರುತ್ತಾರೆ, ಎರಡನ್ನೂ ಮುಗಿಸುತ್ತಾರೆ.

ಮೋದಿನಸಾಬನಿಗೆ ತಾನು ಏನು ಮಾಡಿದೆ ಎಂದು ಆಗ ಗೊತ್ತಾಯಿತು. ಬತ್ತಾಸಿಯ ರಕ್ತವನ್ನು ಯಾರೂ ತೆಗೆದೇ ಇಲ್ಲ. ಅವಳಿಗೆ ರೋಗ ಇರಬಹುದು, ಇಲ್ಲದೆಯೂ ಇರಬಹುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇಲ್ಲಿ ಬರೆಯಲ್ಲ, ಜೀವವೇ ಹೋಗುವುದಿತ್ತು. ಅವನು ಸಾವಕಾರರ ಹತ್ತಿರ ಹೋಗಿ ಖರೇ ಹೇಳಿಬಿಡೋಣ ಎಂದ. ಅವರು ಬೇಡ ಎಂದರು. ಹೇಳಿದರೆ ಆದೇಶ ಮುರಿದದ್ದು ಹೊರಬೀಳುತ್ತದೆ, ಲಕ್ಷ್ಮೇಶ್ವರದವರು ರೋಗದ ಕುದುರೆ ಮೇಲೆ ನಮ್ಮ ಮಗನನ್ನು ಕೂರಿಸಿದಿರಾ ಎಂದು ಮನೆಗೆ ಬರುತ್ತಾರೆ, ಮುತ್ತಜ್ಜನಿಂದ ಬಂದ ಹೆಸರು ಹೋಗುತ್ತದೆ. ಕುದುರೆ ಮತ್ತೆ ತರಬಹುದು, ಹೆಸರು ತರಲಾಗುವುದಿಲ್ಲ ಎಂದರು. ಅವರು ಕೆಟ್ಟವರೇನಲ್ಲ.

ಅವನು ಬಂದು ಬತ್ತಾಸಿಯ ಕತ್ತಿಗೆ ಹಣೆ ಹಚ್ಚಿ ನಿಂತ. ನನಗೆ ಎಲ್ಲ ಗೊತ್ತಿತ್ತು. ಆ ಹೊತ್ತಿನಲ್ಲಿ ಇವಳು ಎಲ್ಲಿದ್ದಳು ಎಂದು ಗೊತ್ತಿತ್ತು, ಯಾರ ರಕ್ತ ಎಂದು ಗೊತ್ತಿತ್ತು. ನಾಳೆ ರೀಡರ್ ಬಂದು ಕೇಳುತ್ತದೆ. ನಾನು ಹದಿನೈದು ಅಂಕಿ ಹೇಳುತ್ತೇನೆ. ಅವು ಸರಿಯಾಗಿಯೇ ಇರುತ್ತವೆ, ಅವುಗಳ ಮೇಲೆಯೇ ಇವಳನ್ನು ಕೊಲ್ಲುತ್ತಾರೆ. ಒಂದೇ ಒಂದು ಸಲ ತಪ್ಪು ಹೇಳಲು ಬರುವಂತಿದ್ದರೆ ಎಂದು ನಾನು ಆಸೆಪಟ್ಟೆ.

ಬೆಳಿಗ್ಗೆ ಒಂಬತ್ತಕ್ಕೆ ಬಂದರು. ಮೈತುಂಬ ಪ್ಲಾಸ್ಟಿಕ್ ಅಂಗಿ, ಬಾಯಿಗೆ ಮಾಸ್ಕು. ಊರ ಹೊರಗೆ ಜೆಸಿಬಿಯಿಂದ ಎರಡು ಗುಂಡಿ ತೋಡಿಸಿ ಬಂದಿದ್ದರು, ಸುಣ್ಣದ ಚೀಲಗಳೂ ಹೋಗಿದ್ದವು. ಡಾಕ್ಟರ್ ವಿದ್ಯಾವತಿಯ ಜೊತೆ ಅವರ ಮೇಲಧಿಕಾರಿಯೂ ಇದ್ದರು. ಈ ಸಲ ರೀಡರಿಗೆ ಹೊಸ ಸೆಲ್ಲು. ಎರಡೂ ಕುದುರೆಗಳನ್ನು ದೂರ ದೂರ ಕಟ್ಟಿಸಿ, ಮೊದಲು ಮೋತಿಯ ಕತ್ತಿಗೆ ಹಿಡಿದರು. ಕುಂಯ್ ಎಂದಿತು. ಪಟ್ಟಿಗೆ ತಾಳೆಯಾಯಿತು. ಆಮೇಲೆ ನನ್ನ ಹತ್ತಿರ ಬಂದರು. ಅಲೆ ತಾಗಿತು. ಹೇಳದೆ ಇರಲು ನನಗೆ ಬರುವುದಿಲ್ಲ, ಹೇಳಿದೆ. ಡಾಕ್ಟರು ಕೊನೆಯ ನಾಲ್ಕು ಅಂಕಿಗಳನ್ನು ಗಟ್ಟಿಯಾಗಿ ಓದಿದರು. ನಾಲ್ಕು, ನಾಲ್ಕು, ಒಂದು, ಏಳು. ಮೇಲಧಿಕಾರಿ ಪಟ್ಟಿಯಲ್ಲಿ ಗುರುತು ಹಾಕಿ, ಸೂಜಿ ತಯಾರು ಮಾಡಿ ಎಂದರು.

ಬತ್ತಾಸಿಯ ಹಗ್ಗ ಹಿಡಿದಿದ್ದ ಮೋದಿನಸಾಬ ಡಾಕ್ಟರಿಗೂ ಅವಳಿಗೂ ನಡುವೆ ಬಂದು ನಿಂತ.

"ಅಕ್ಕಾರ, ಸ್ವಲ್ಪ ತಡೀರಿ," ಎಂದ. "ಆ ಬಾಟ್ಲಿಯಾಗಿಂದು ಇಕಿ ರಕ್ತ ಅಲ್ರಿ."

ಡಾಕ್ಟರು ರೀಡರನ್ನು ಅವನ ಮುಂದೆ ಹಿಡಿದರು. "ನಂಬರ್ ಕೂಡೇತಿ ನೋಡ್ರಿ. ಮಷಿನ್ ಸುಳ್ಳ ಹೇಳತೈತೇನು?"

"ಮಷಿನ್ ಖರೇನ ಹೇಳೈತ್ರಿ. ಸುಳ್ಳ ಹೇಳಿದಾಂವ ನಾನು. ಅವತ್ತ ಇಕಿ ಊರಾಗ ಇದ್ದಿಲ್ರಿ, ಲಕ್ಷ್ಮೇಶ್ವರಕ್ಕ ಮದವಿಗೆ ಹೋಗಿದ್ಲು. ಮೋತಿನ್ನ ಎರಡ ಸಲ ತಂದು ನಿಂದರಿಸಿದೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ."

ಸಾವಕಾರರು ಕಟ್ಟೆಯಿಂದ ಎದ್ದು ಬಂದರು. ಅವನಿಗೆ ಆ ಕುದುರೆಯ ಮೇಲೆ ಜೀವ, ಉಳಿಸಿಕೊಳ್ಳಲು ಏನೇನೋ ಅನ್ನುತ್ತಿದ್ದಾನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಮೋದಿನಸಾಬ ಅವರ ಮುಖ ನೋಡಲಿಲ್ಲ. ಮೇಲಧಿಕಾರಿಗೆ ಬೇಸರ ಬಂತು. ಕುದುರೆ ಸಾಯುವ ಹೊತ್ತಿಗೆ ಎಲ್ಲರೂ ಒಂದೊಂದು ಕಥೆ ಹೇಳುತ್ತಾರೆ, ಚಿಪ್ ಓದಿಸಿ ತೆಗೆದ ರಕ್ತ ಅಂದಮೇಲೆ ಮುಗಿಯಿತು ಎಂದರು.

ಡಾಕ್ಟರ್ ವಿದ್ಯಾವತಿ ಕೈಯಲ್ಲಿದ್ದ ರೀಡರನ್ನೇ ನೋಡುತ್ತ ನಿಂತರು. ಅವರು ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಚಿಪ್ ಓದಿಸಿದ್ದೇನೆ ಎಂಬ ಸಾಲಿನ ಕೆಳಗೆ ಆ ದಿನ ಅವರೇ ಸಹಿ ಮಾಡಿದ್ದರು. ಈಗ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನು ಹೇಳಿದ ನಂಬರೇ ಅವರನ್ನು ಕಾಪಾಡುತ್ತಿತ್ತು.

"ಸರ್, ಅವತ್ತ ರೀಡರ್ ಬಂದ್ ಬಿದ್ದಿತ್ತು," ಎಂದರು. "ಚಿಪ್ ನಾ ಓದಿಸಿಲ್ಲ. ಪುಸ್ತಕ ನೋಡಿ ನಂಬರ್ ಬರಕೊಂಡೆ."

ಮೇಲಧಿಕಾರಿ ಅವರನ್ನು ಪಕ್ಕಕ್ಕೆ ಕರೆದರು. ಪಕ್ಕ ಎಂದರೆ ಬತ್ತಾಸಿಯ ಪಕ್ಕವೇ, ಹಾಗಾಗಿ ನನಗೆ ಕೇಳಿಸಿತು. "ಇದನ್ನ ಬರದ ಕೊಟ್ರ ನಿಮಗ ನೋಟಿಸ್ ಬರತದ. ವಿಚಾರ ಮಾಡ್ರಿ."

"ಬರ್ಲಿ ಸರ್. ಕೊಡತೀನಿ."

ಲಾಯದ ಕಿಟಕಿಯ ಮೇಲೆಯೇ ಹಾಳೆ ಇಟ್ಟು ಬರೆದರು. ಆಮೇಲೆ ಬತ್ತಾಸಿಯ ಕತ್ತಿಗೆ ರೀಡರ್ ಹಿಡಿದು, ನನ್ನ ಮಾತು ಕೇಳಿ, ಹದಿನೈದೂ ಅಂಕಿಗಳನ್ನು ಒಂದೊಂದಾಗಿ ಹೊಸ ಬಾಟಲಿಯ ಮೇಲೆ ಬರೆದು, ರಕ್ತ ತೆಗೆದರು. ನನ್ನ ಬಾಳಿನಲ್ಲಿ ಅಷ್ಟು ನಿಧಾನವಾಗಿ ಯಾರೂ ನನ್ನನ್ನು ಕೇಳಿಸಿಕೊಂಡಿರಲಿಲ್ಲ.

ಮೋತಿಯನ್ನು ಹತ್ತೂವರೆಗೆ ಕರೆದುಕೊಂಡು ಹೋದರು. ಮೋದಿನಸಾಬನೇ ಹಗ್ಗ ಹಿಡಿದು ಗುಂಡಿಯವರೆಗೆ ನಡೆಸಿಕೊಂಡು ಹೋದ, ಬೇರೆಯವರು ಹಿಡಿದರೆ ಅದು ಬೆದರುತ್ತದೆ ಎಂದು. ಬತ್ತಾಸಿ ಕೆನೆಯುತ್ತಲೇ ಇದ್ದಳು. ಮೋತಿ ಬೀದಿಯ ತಿರುವಿನಿಂದ ಎರಡು ಸಲ ಉತ್ತರ ಕೊಟ್ಟಿತು. ಕೊನೆಯ ಸೂಜಿಗೆ ಮೊದಲು ಮತ್ತೊಮ್ಮೆ ಚಿಪ್ ಓದಿಸಬೇಕು, ನಿಯಮ ಹಾಗಿದೆ. ಓದಿಸಿರಬೇಕು. ಮೋತಿಯ ಕತ್ತಿನಲ್ಲಿದ್ದವನು ಉತ್ತರ ಕೊಟ್ಟಿರಬೇಕು. ಈಗ ಆ ಸುಣ್ಣದ ಕೆಳಗೆ ಮೋತಿಯ ಎಲುಬೂ ಕರಗಿರಬಹುದು, ಗಾಜು ಕರಗುವುದಿಲ್ಲ. ಆರು ಅಡಿ ಕೆಳಗೆ ಅವನು ಹದಿನೈದು ಅಂಕಿ ಇಟ್ಟುಕೊಂಡು ಇನ್ನೂ ಇದ್ದಾನೆ. ಮೇಲೆ ಯಾವ ಯಂತ್ರ ಹಿಡಿದರೂ ಅಲೆ ಅಲ್ಲಿಗೆ ಮುಟ್ಟುವುದಿಲ್ಲ.

ಬತ್ತಾಸಿಯ ರಕ್ತಕ್ಕೆ ಉತ್ತರ ಬರಲು ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟೂ ದಿನ ಅವಳನ್ನು ಊರಾಚೆಯ ಒಂದು ಹಾಳು ಗೋದಾಮಿನಲ್ಲಿ ಒಂಟಿಯಾಗಿ ಕಟ್ಟಿದರು. ಅವಳು ಹುಲ್ಲು ಬಿಟ್ಟಳು. ಗೋಡೆಯ ಮೂಲೆಗೆ ಕತ್ತು ತಿಕ್ಕಿ ತಿಕ್ಕಿ ನನ್ನ ಮೇಲಿನ ಕೂದಲೆಲ್ಲ ಉದುರಿತು. ಮೋದಿನಸಾಬನನ್ನು ಒಳಗೆ ಬಿಡುತ್ತಿರಲಿಲ್ಲ. ಅವನ ರಕ್ತವನ್ನೂ ತೆಗೆದಿದ್ದರು, ಅವನಿಗೆ ಏನೂ ಇರಲಿಲ್ಲ. ಆದರೂ ಮುಟ್ಟಬಾರದು ಎಂದರು. ಅವನು ದಿನಾ ಕಿಟಕಿಯ ಹೊರಗೆ ಕೂತು ಅಳಿಯನ ಕಥೆ ಹೇಳುತ್ತಿದ್ದ. ಅವನ ಧ್ವನಿ ಕೇಳುವ ಹೊತ್ತಿಗೆ ಮಾತ್ರ ಅವಳು ಎರಡು ಬಾಯಿ ಹುಲ್ಲು ತಿನ್ನುತ್ತಿದ್ದಳು.

ಉತ್ತರ ಬಂತು. ಬತ್ತಾಸಿಗೆ ರೋಗ ಇರಲಿಲ್ಲ. ಇನ್ನೂ ಎರಡು ಸಲ ರಕ್ತ ನೋಡಿದರು, ಎರಡು ಸಲವೂ ಇರಲಿಲ್ಲ.

ಜೀವ ಉಳಿಯಿತು, ಮನೆ ಉಳಿಯಲಿಲ್ಲ. ಸಾವಕಾರರ ಮೇಲೆ ಕೇಸಾಯಿತು. ಮದುವೆಯವರು ಮುಖ ತಿರುಗಿಸಿದರು. ಸಾರೋಟನ್ನು ಮಾರಿ, ಹೂವಿನ ಅಲಂಕಾರ ಮಾಡಿದ ಒಂದು ತೆರೆದ ಜೀಪು ಇಟ್ಟುಕೊಂಡರು. ಮೋದಿನಸಾಬನಿಗೆ ಅವರು ಬೈಯಲಿಲ್ಲ. ಇನ್ನು ನಮ್ಮ ಬಾಗಿಲಿಗೆ ಬರಬೇಡ ಎಂದು ಒಂದೇ ಮಾತು ಹೇಳಿದರು, ಅವನೂ ತಕರಾರು ಮಾಡಲಿಲ್ಲ. ಮಗಳ ಊರಿಗೆ ಹೋಗುವ ಮೊದಲು ಗೋದಾಮಿನ ಕಿಟಕಿಗೆ ಬಂದ. "ನಾ ಹೇಳಲಿಲ್ಲಂದ್ರ ನೀ ಇರತಿದ್ದಿಲ್ಲ. ಹೇಳಿದ್ದಕ್ಕ ನಿನ್ನ ಹಂತೇಕ ನಾ ಇರೂಹಂಗಿಲ್ಲ. ಆತು ಬಿಡವಾ," ಎಂದ. ಡಾಕ್ಟರ್ ವಿದ್ಯಾವತಿಗೆ ನೋಟಿಸ್ ಬಂತು, ಆಮೇಲೆ ಬೀದರ ಕಡೆಗೆ ವರ್ಗವಾಯಿತು ಎಂದು ಯಾರೋ ಅಂದದ್ದು ಕೇಳಿದೆ.

ಬತ್ತಾಸಿಯನ್ನು ಒಂದು 'ಪಿಂಜರಾಪೋಳ'ಕ್ಕೆ ಕೊಟ್ಟರು. ಮುದಿ ದನಗಳು, ಕಾಲು ಮುರಿದ ಕತ್ತೆಗಳು ಇರುವ ಜಾಗ. ಅಲ್ಲಿನ ಕಾವಲುಗಾರ ಈರಣ್ಣ ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಬರೆಯಲಿಲ್ಲ. ಯಾರೂ ಹೇಳಿರಲಿಲ್ಲ. ನನ್ನ ನಂಬರ್ ಬರೆದುಕೊಂಡ. ವರ್ಷಕ್ಕೊಮ್ಮೆ ಡಾಕ್ಟರ್ ಬಂದು ನನ್ನನ್ನು ಕೇಳಿ ಹೋಗುತ್ತಾರೆ. ಆ ಒಂದು ಕುಂಯ್‌ಗಾಗಿ ಮುನ್ನೂರ ಅರವತ್ನಾಲ್ಕು ದಿನ ಸುಮ್ಮನಿರಬೇಕು. ಇನ್ನೂ ಎರಡು ಬಿಳಿ ಕುದುರೆ ಇವೆ, ಅವು ಇವಳ ಹತ್ತಿರ ಬರುವುದಿಲ್ಲ, ಇವಳೂ ಹೋಗುವುದಿಲ್ಲ. ಈಗ ಒಂದು ಕಣ್ಣಿಗೆ ಪೊರೆ ಬಂದಿದೆ. ಮುಂಗಾಲು ಊರಲು ಕಷ್ಟ.

ಹೋದ ತಿಂಗಳು ಮೋದಿನಸಾಬ ಬಂದ. ಐದೂವರೆ ವರ್ಷವಾಗಿತ್ತು. ಬೇಲಿಯಾಚೆ ಈರಣ್ಣನ ಜೊತೆ ಮಾತಾಡುವುದು ಕೇಳಿಸಿತು. ಬಸ್ಸು ಬದಲಿಸಿ ಬಂದಿದ್ದನಂತೆ, ಮೂರು ಗಂಟೆಗೆ ವಾಪಸು ಬಸ್ಸಂತೆ. ಈರಣ್ಣ ಯಾವ ಕುದುರೆ, ನಂಬರ್ ಎಷ್ಟು ಎಂದು ಕೇಳಿದ. ಇಲ್ಲಿ ಎಲ್ಲವೂ ನಂಬರಿನ ಮೇಲೆ. ನಂಬರ್ ನನಗೇನು ಗೊತ್ತು ಎಂದು ಅವನು ನಕ್ಕ. ಈರಣ್ಣ ಬಾಗಿಲು ತೆಗೆಯಲೋ ಬೇಡವೋ ಎಂದು ನಿಂತಿದ್ದಾಗಲೇ ಬತ್ತಾಸಿ ಕುಂಟುತ್ತ ಬೇಲಿಗೆ ಹೋಗಿ, ತಂತಿಯ ಮೇಲಿಂದ ಅವನ ಭುಜಕ್ಕೆ ಕತ್ತು ಹಾಕಿದಳು. ಈರಣ್ಣ ಮುಂದೆ ಏನೂ ಕೇಳದೆ ಬಾಗಿಲು ತೆಗೆದ.

ಎರಡು ಗಂಟೆ ಅವಳ ಜೊತೆ ಇದ್ದ. ಮೈ ತಿಕ್ಕಿದ, ಗೊರಸು ಕೆರೆದ. ಕೊಪ್ಪಳದ ಕಥೆ, ಮೊಮ್ಮಗಳ ಕಥೆ, ಮೊಣಕಾಲಿನ ಕಥೆ. ಮೋತಿಯ ಹೆಸರು ತೆಗೆಯಲಿಲ್ಲ. ನಾನು ಅವನ ಎದೆಯಿಂದ ಎರಡು ಬೆರಳು ದೂರದಲ್ಲಿದ್ದೆ. ಅವನ ಹತ್ತಿರ ರೀಡರ್ ಇರಲಿಲ್ಲ, ನನಗೆ ಹೇಳಬೇಕಾದದ್ದು ಹದಿನೈದು ಅಂಕಿಯಲ್ಲಿ ಹಿಡಿಸುವಂಥದ್ದೂ ಅಲ್ಲ.

ಹೊರಡುವಾಗ ಈರಣ್ಣನನ್ನು ಕೇಳಿದ. "ಇಕಿ ಸತ್ತ ದಿನಾ ನಂಗೊಂದು ಫೋನ್ ಮಾಡ್ತೀರೇನ್ರಿ? ಮಣ್ಣಿಗೆ ಬರತೇನಿ."

ಈರಣ್ಣ ಪುಸ್ತಕ ತಂದ. ನನ್ನ ನಂಬರ್ ಹುಡುಕಿದ. ಅದರ ಮುಂದೆ ಮೋದಿನಸಾಬನ ಫೋನ್ ನಂಬರನ್ನು ಪೆನ್ಸಿಲ್‌ನಲ್ಲಿ ಬರೆದುಕೊಂಡು, ಸರಿ ಇದೆಯೋ ನೋಡಿ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಓದಿದ. ನನ್ನ ಹದಿನೈದು, ಅದರ ಬೆನ್ನಿಗೇ ಅವನ ಹತ್ತು.

ಇನ್ನು ಹೆಚ್ಚು ವರ್ಷ ಇಲ್ಲ ಎಂದು ನನಗೆ ಗೊತ್ತು. ಅವಳ ಎದೆಬಡಿತ ಈಗ ನಡುನಡುವೆ ತಡೆಯುತ್ತದೆ. ಒಂದು ದಿನ ಡಾಕ್ಟರ್ ಬಂದು, ಅಲ್ಲಾಡದ ಕತ್ತಿಗೆ ರೀಡರ್ ಹಿಡಿಯುತ್ತಾರೆ. ನಾನು ಎಂದಿನ ಹಾಗೆಯೇ ಹೇಳುತ್ತೇನೆ. ಈರಣ್ಣ ಆ ಸಾಲು ಹುಡುಕಿ ಬೆರಳಿಟ್ಟಾಗ, ಪಕ್ಕದಲ್ಲಿರುವ ಹತ್ತು ಅಂಕಿಗಳು ಅವನಿಗೆ ಕಾಣಬೇಕು. ಅಷ್ಟು ಹೊತ್ತು ಪೆನ್ಸಿಲ್ ಅಳಿಸದೆ ಇರಲಿ.